ಸೋವಿಯತ್ ನಾಡಿನ ಪುಟ್ಟ ವಿಮಾನಗಳು ಮತ್ತು ಅವುಗಳ ಅಪಘಾತಗಳು (1923–1938)

ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನಮ್ಮ ಸುತ್ತಮುತ್ತಲಿನ ವೀರಗಲ್ಲುಗಳ ಬಗ್ಗೆಯೋ ಹಳೆಯ ಕೆರೆಗಳ ಬಗ್ಗೆಯೋ ಬರೆದುಕೊಡುತ್ತೇನೆಂದು ಅವರು ಎಣಿಸಿದ್ದಿರಬೇಕು. ಆ ವಿಷಯಗಳನ್ನು ಚೆನ್ನಾಗಿ ಬಲ್ಲವರು ಊರಿನಲ್ಲೇ ಇದ್ದಾರೆ, ಅವರೇ ಬರೆಯಲಿ. ನಾನು ಆರಿಸಿಕೊಂಡದ್ದು ದೂರದ ಒಂದು ವಿಷಯ. ಆದರೆ ಅದು ನಮ್ಮ ಶಾಲೆಗೆ ತೀರಾ ಅಪರಿಚಿತವೇನಲ್ಲ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಓದಿದವರಿಗೆ ಸೋವಿಯತ್ ಪುಸ್ತಕಗಳು ನೆನಪಿರುತ್ತವೆ. ಮಾಸ್ಕೋದಲ್ಲಿ ಕನ್ನಡದಲ್ಲೇ ಅಚ್ಚಾಗಿ, ನವಕರ್ನಾಟಕ ಪ್ರಕಾಶನದವರ ಮೂಲಕ ಅತಿ ಕಡಿಮೆ ಬೆಲೆಗೆ ನಮ್ಮ ಕಡೆಯ ಗ್ರಂಥಾಲಯಗಳಿಗೆ ಬರುತ್ತಿದ್ದ ಪುಸ್ತಕಗಳು ಅವು. ಒಳ್ಳೆಯ ಕಾಗದ, ಬಣ್ಣದ ಚಿತ್ರಗಳು. ಅವುಗಳಲ್ಲಿ ವಿಮಾನಗಳಿಗೂ ವೈಮಾನಿಕರಿಗೂ ದೊಡ್ಡ ಜಾಗವಿತ್ತು. ಆ ಪುಟಗಳಲ್ಲಿ ವಿಮಾನಗಳು ಹಾರುತ್ತಿದ್ದವು, ಧ್ರುವ ದಾಟುತ್ತಿದ್ದವು, ಹಿಮದಲ್ಲಿ ಸಿಕ್ಕಿಕೊಂಡವರನ್ನು ಎತ್ತಿ ತರುತ್ತಿದ್ದವು. ಬೀಳುತ್ತಿದ್ದದ್ದು ಬಹಳ ಅಪರೂಪ.

ವಾಸ್ತವದಲ್ಲಿ ಅವು ಬೀಳುತ್ತಿದ್ದವು. ಬಿದ್ದ ವಿಮಾನವೊಂದರ ಸುತ್ತ ಮೂರು ಪ್ರಶ್ನೆಗಳು ಏಳುತ್ತವೆ. ಏಕೆ ಬಿತ್ತು? ಯಾರ ತಪ್ಪು? ಮುಂದೆ ಬೀಳದಂತೆ ಏನು ಮಾಡಬೇಕು? ಇವುಗಳಲ್ಲಿ ಯಾವ ಪ್ರಶ್ನೆಯನ್ನು ಮೊದಲು ಕೇಳುತ್ತಾರೆ ಎನ್ನುವುದರಲ್ಲಿ ಒಂದು ಸರ್ಕಾರದ ಸ್ವಭಾವವೇ ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ. ಸೋವಿಯತ್ ಒಕ್ಕೂಟದ ಮೊದಲ ಎರಡು ದಶಕಗಳ ಕೆಲವು ಅಪಘಾತಗಳನ್ನು ಈ ದೃಷ್ಟಿಯಿಂದ ನೋಡಬಹುದು.

ಮೊದಲು ಆ ಕಾಲದ ಸ್ಥಿತಿ. ಮಹಾಯುದ್ಧ, ಕ್ರಾಂತಿ, ಅಂತರ್ಯುದ್ಧ, ಅದರ ಹಿಂದೆಯೇ 1921ರ ಭೀಕರ ಬರಗಾಲ. ಇಷ್ಟೆಲ್ಲ ಮುಗಿಯುವ ಹೊತ್ತಿಗೆ ರಷ್ಯಾದಲ್ಲಿ ವಿಮಾನ ಎಂದರೆ ತೇಪೆ ಹಾಕಿದ ಹಳೆಯ ಯಂತ್ರಗಳು ಮಾತ್ರ. 1923ರ ಮಾರ್ಚಿನಲ್ಲಿ ಎರಡು ಸಂಸ್ಥೆಗಳು ಹುಟ್ಟಿದವು. ಒಂದು, ವಾಯುಪಡೆಯ ಮಿತ್ರರ ಸಂಘ. ಇದು ಕಾರ್ಖಾನೆಗಳಲ್ಲಿ, ಕಚೇರಿಗಳಲ್ಲಿ, ಹಳ್ಳಿಗಳಲ್ಲಿ ಚಂದಾ ಎತ್ತಿ ವಿಮಾನ ಕಟ್ಟಿಸುತ್ತಿತ್ತು. ಹಣ ಕೊಟ್ಟವರ ಹೆಸರನ್ನು ವಿಮಾನದ ಮೈಮೇಲೆ ಬರೆಯುವ ಪದ್ಧತಿಯೂ ಇತ್ತು. ನಮ್ಮಲ್ಲಿ ದೇವಸ್ಥಾನದ ಟ್ಯೂಬ್ ಲೈಟಿನ ಮೇಲೆ ದಾನಿಗಳ ಹೆಸರು ಬರೆಯುವುದಿಲ್ಲವೇ, ಹಾಗೆ. ಇನ್ನೊಂದು, ಷೇರು ಮಾರಿ ಬಂಡವಾಳ ಕೂಡಿಸಿದ ‘ದೊಬ್ರೊಲ್ಯೋತ್’ ಎಂಬ ವಿಮಾನ ಸಾರಿಗೆ ಕಂಪನಿ. ಅದೇ ವರ್ಷ ಜುಲೈ 15ರಂದು ಅದು ಮಾಸ್ಕೋದಿಂದ ನಿಜ್ನಿ ನೋವ್‌ಗೊರೊದ್ ಪಟ್ಟಣಕ್ಕೆ, ಸುಮಾರು 420 ಕಿಲೋಮೀಟರ್ ದೂರಕ್ಕೆ, ಮೊದಲ ಸಾರಿಗೆ ಮಾರ್ಗ ತೆರೆಯಿತು. ತಿಫ್ಲಿಸ್ (ಇಂದಿನ ತ್‌ಬಿಲಿಸಿ), ಖಾರ್ಕೊವ್‌ಗಳಲ್ಲೂ ಇಂಥ ಕಂಪನಿಗಳು ಬಂದವು.

ಅವರ ಕೈಲಿದ್ದ ಮುಖ್ಯ ವಿಮಾನ ಜರ್ಮನಿಯ ಯುಂಕರ್ಸ್ ಎಫ್-13. ಇಡೀ ವಿಮಾನ ಲೋಹದ್ದು. ಮೈಯೆಲ್ಲ ನಮ್ಮ ಶೀಟು ಮನೆಗಳ ತಗಡಿನಂತೆ ಏರಿಳಿತದ ಅಲ್ಯೂಮಿನಿಯಂ ಮಿಶ್ರಲೋಹ. ಒಳಗೆ ನಾಲ್ಕು ಜನ ಪ್ರಯಾಣಿಕರಿಗೆ ಮುಚ್ಚಿದ ಕೋಣೆ. ಪೈಲಟ್ ಮತ್ತು ಮೆಕ್ಯಾನಿಕ್ ಮಾತ್ರ ಅದರ ಮುಂದೆ ಗಾಳಿ ಮಳೆಗೆ ಮುಖ ಒಡ್ಡಿ ಕೂರಬೇಕು. ಈ ವಿಮಾನಗಳು ಟಪಾಲು ಒಯ್ದವು, ಅಧಿಕಾರಿಗಳನ್ನು ಒಯ್ದವು. ಹಳ್ಳಿಗಳ ಮೇಲೆ ಕರಪತ್ರ ಸುರಿದವು. ರೈತರನ್ನು ಒಂದು ಸುತ್ತು ಮೇಲಕ್ಕೆ ಕರೆದೊಯ್ದು ‘ನೋಡಿ, ಮೋಡದ ಮೇಲೆ ದೇವರೂ ಇಲ್ಲ, ದೇವದೂತರೂ ಇಲ್ಲ’ ಎಂದು ತೋರಿಸುವ ಪ್ರಚಾರವೂ ನಡೆಯಿತು. ಇದನ್ನು ‘ಆಕಾಶದ ದೀಕ್ಷಾಸ್ನಾನ’ ಎಂದು ಕರೆಯುತ್ತಿದ್ದರು. ದೇವರಿಲ್ಲವೆನ್ನಲು ಧರ್ಮದ ಮಾತನ್ನೇ ಸಾಲ ತಂದದ್ದು ವಿಚಿತ್ರವಾಗಿದೆ.

ಈ ವಿಮಾನಗಳನ್ನು ನಡೆಸುವುದು ಎಷ್ಟು ಕಷ್ಟ ಎಂಬುದನ್ನು ಸ್ವಲ್ಪ ವಿವರಿಸಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ಪೈಲಟ್‌ಗೆ ನೆಲದೊಡನೆ ಮಾತಾಡಲು ರೇಡಿಯೋ ಇರಲಿಲ್ಲ. ದಿಕ್ಸೂಚಿ, ಎತ್ತರ ತೋರಿಸುವ ಒಂದು ಮಾಪಕ, ಎಂಜಿನ್ನಿನ ಒಂದೆರಡು ಮುಳ್ಳುಗಳು, ಅಷ್ಟೇ. ದಾರಿ ಹುಡುಕಲು ನದಿ ಅಥವಾ ರೈಲು ಹಳಿ ಹಿಡಿದು ಹೋಗುವುದು ವಾಡಿಕೆ. ಮೋಡ ಕೆಳಗಿಳಿದರೆ ಹಳಿ ಕಾಣಲೆಂದು ಪೈಲಟ್ಟೂ ಕೆಳಗಿಳಿಯಬೇಕು. ಆಗ ಮರ, ಗೋಪುರ, ತಂತಿ ಎದುರಾಗುತ್ತವೆ. ಕೆಳಗಿಳಿಯದೆ ಮೋಡದೊಳಗೆ ನುಗ್ಗಿದರೆ ಇನ್ನೂ ಅಪಾಯ. ಕಣ್ಣಿಗೆ ದಿಗಂತ ಕಾಣದಾದಾಗ ನಮ್ಮ ಕಿವಿಯ ಒಳಭಾಗದಲ್ಲಿರುವ ಸಮತೋಲನದ ಅಂಗ ಸುಳ್ಳು ಹೇಳತೊಡಗುತ್ತದೆ. ವಿಮಾನ ಒಂದು ಕಡೆಗೆ ವಾಲಿ ಸುತ್ತುತ್ತಿದ್ದರೂ ಪೈಲಟ್‌ಗೆ ನೇರವಾಗಿ ಹೋಗುತ್ತಿರುವಂತೆಯೇ ಭಾಸವಾಗುತ್ತದೆ. ಅದನ್ನು ಸರಿಪಡಿಸಿ ಹೇಳುವ ಉಪಕರಣ ಬೇಕು, ಆ ಉಪಕರಣವನ್ನು ತನ್ನ ಮೈಗಿಂತ ಹೆಚ್ಚು ನಂಬುವ ಅಭ್ಯಾಸವೂ ಬೇಕು. ಎರಡೂ ಆಗ ಇರಲಿಲ್ಲ. ಇದರ ಮೇಲೆ ಚಳಿಗಾಲದಲ್ಲಿ ರೆಕ್ಕೆಯ ಮೇಲೆ ಕಟ್ಟುವ ಮಂಜುಗಡ್ಡೆ. ತೂಕ ಹೆಚ್ಚುತ್ತದೆ, ರೆಕ್ಕೆಯ ಆಕಾರ ಕೆಡುತ್ತದೆ, ವಿಮಾನ ಮೇಲೆ ನಿಲ್ಲುವುದಿಲ್ಲ.

ದೊಡ್ಡ ಸದ್ದು ಮಾಡಿದ ಮೊದಲ ಅಪಘಾತಗಳಲ್ಲಿ ಒಂದು 1925ರ ಮಾರ್ಚ್ 22ರಂದು ತಿಫ್ಲಿಸ್‌ನಲ್ಲಿ ನಡೆಯಿತು. ಕಪ್ಪು ಸಮುದ್ರದ ದಂಡೆಯ ಸುಖುಮಿಯಲ್ಲಿ ಅಬ್ಖಾಜಿಯಾದ ಸೋವಿಯತ್ ಸಮ್ಮೇಳನ ನಡೆಯುವುದಿತ್ತು. ಅದಕ್ಕೆಂದು ಮೂವರು ಗಣ್ಯರು ಯುಂಕರ್ಸ್ ಹತ್ತಿದರು. ಅಲೆಕ್ಸಾಂಡರ್ ಮ್ಯಾಸ್ನಿಕ್ಯಾನ್, 39 ವರ್ಷದ ಹಿರಿಯ ಪಕ್ಷ ನಾಯಕ, ಹಿಂದೆ ಆರ್ಮೇನಿಯಾ ಸರ್ಕಾರದ ಮುಖ್ಯಸ್ಥರಾಗಿದ್ದವರು. ಸೊಲೊಮನ್ ಮೊಗಿಲೆವ್‌ಸ್ಕಿ, ಕಾಕಸಸ್ ಪ್ರಾಂತ್ಯದ ಗುಪ್ತ ಪೊಲೀಸ್ ‘ಚೆಕಾ’ದ ಮುಖ್ಯಸ್ಥ. ಗಿಯೋರ್ಗಿ ಅತಾರ್ಬೆಕೊವ್, ಅಂಚೆ ತಂತಿ ಖಾತೆ ನೋಡಿಕೊಳ್ಳುತ್ತಿದ್ದವರು. ಮೇಲೆದ್ದ ಸ್ವಲ್ಪ ಹೊತ್ತಿಗೆ ವಿಮಾನಕ್ಕೆ ಆಕಾಶದಲ್ಲೇ ಬೆಂಕಿ ಹತ್ತಿತು. ಉರಿ ತಾಳಲಾರದೆ ಇಬ್ಬರು ನೆಲ ಮುಟ್ಟುವ ಮೊದಲೇ ಹೊರಕ್ಕೆ ಹಾರಿದರೆಂದು ವರದಿಗಳು ಹೇಳುತ್ತವೆ. ಮೂವರು ಪ್ರಯಾಣಿಕರೂ ಇಬ್ಬರು ಸಿಬ್ಬಂದಿಯೂ ಸತ್ತರು.

ತನಿಖೆಯಲ್ಲಿ ಪ್ರಮುಖ ಪಾತ್ರ ವಹಿಸಿದ್ದು ಲಾವ್ರೆಂತಿ ಬೆರಿಯಾ. ಆಗ ಆತ ಜಾರ್ಜಿಯಾದ ಚೆಕಾದಲ್ಲಿ ಉಪಮುಖ್ಯಸ್ಥ. ಮುಂದೆ ಸ್ತಾಲಿನ್ ಕಾಲದಲ್ಲಿ ಇಡೀ ದೇಶದ ಗುಪ್ತ ಪೊಲೀಸರ ಒಡೆಯನಾದವನು. ಒಂದಲ್ಲ, ಒಂದಕ್ಕಿಂತ ಹೆಚ್ಚು ತನಿಖಾ ಸಮಿತಿಗಳು ಕೂತರೂ ಬೆಂಕಿಯ ಕಾರಣ ಖಚಿತವಾಗಿ ಹೊರಬರಲಿಲ್ಲ. ಆ ದಿನಗಳಲ್ಲಿ ಚಿಕಿತ್ಸೆಗೆಂದು ಸುಖುಮಿಯಲ್ಲಿದ್ದ ಟ್ರಾಟ್‌ಸ್ಕಿ ಸತ್ತವರಿಗೆ ಶ್ರದ್ಧಾಂಜಲಿ ಭಾಷಣ ಮಾಡಿದರು. ಇದು ಬೇಕೆಂದೇ ಮಾಡಿಸಿದ ಸಾವು ಎಂಬ ಗುಸುಗುಸು ಅಂದೇ ಶುರುವಾಯಿತು. ಬೆರಿಯಾನ ಮೇಲಧಿಕಾರಿಯಂತಿದ್ದ ಮೊಗಿಲೆವ್‌ಸ್ಕಿ ಸತ್ತವರಲ್ಲಿ ಇದ್ದುದರಿಂದ ಬೆರಿಯಾನ ಮೇಲೂ ಸಂಶಯ ಬಂತು. ಅದಕ್ಕೆ ಸಾಕ್ಷಿ ಸಿಕ್ಕಿಲ್ಲ. ಪೆಟ್ರೋಲ್ ಕೊಳವೆಯ ಒಂದು ಸೋರಿಕೆ, ಒಂದು ಕಿಡಿ ಸಾಕು ಎನ್ನುವ ಕಾಲ ಅದು. ಆದರೆ ತನಿಖೆಯನ್ನು ಎಂಜಿನ್ ಬಲ್ಲವರ ಕೈಗೆ ಪೂರ್ತಿ ಬಿಡದೆ ಪೊಲೀಸರು ಹಿಡಿದುಕೊಂಡರೆ ಸತ್ಯವಾದ ಉತ್ತರ ಬಂದರೂ ಜನ ನಂಬುವುದಿಲ್ಲ. ನೂರು ವರ್ಷವಾದರೂ ಆ ಯುಂಕರ್ಸ್ ವಿಮಾನದ ಬಗ್ಗೆ ವಾದ ನಿಂತಿಲ್ಲ.

ಆ ಐವರಲ್ಲಿ ಯಾರ ಬೆನ್ನಿಗೂ ಪ್ಯಾರಾಚೂಟ್ ಇರಲಿಲ್ಲ. ಬೆನ್ನಿಗೆ ಕಟ್ಟಿಕೊಳ್ಳುವ ಪ್ಯಾರಾಚೂಟನ್ನು 1911ರಲ್ಲೇ ರೂಪಿಸಿದವರಲ್ಲಿ ಒಬ್ಬರು ರಷ್ಯಾದವರೇ ಆದ ಗ್ಲೆಬ್ ಕೊತೆಲ್ನಿಕೊವ್. ಹಿಂದಿನ ವರ್ಷ ಪೀಟರ್ಸ್‌ಬರ್ಗ್‌ನಲ್ಲಿ ಲೆವ್ ಮತ್ಸಿಯೇವಿಚ್ ಎಂಬ ವೈಮಾನಿಕ ಜನರ ಕಣ್ಣೆದುರೇ ವಿಮಾನದಿಂದ ಬಿದ್ದು ಸತ್ತದ್ದನ್ನು ಕಂಡು ಅವರು ಈ ಕೆಲಸಕ್ಕೆ ಕೈಹಾಕಿದ್ದರು. ಆದರೂ ಸೋವಿಯತ್ ಒಕ್ಕೂಟದಲ್ಲಿ ವಿಮಾನದಿಂದ ಪ್ಯಾರಾಚೂಟ್ ಹಿಡಿದು ಹಾರಿ ಜೀವ ಉಳಿಸಿಕೊಂಡ ಮೊದಲ ಘಟನೆ ನಡೆದದ್ದು 1927ರ ಜೂನ್ 23ರಂದು. ಪರೀಕ್ಷಾ ಪೈಲಟ್ ಮಿಖಾಯಿಲ್ ಗ್ರೊಮೊವ್ ಹಾರಿಸುತ್ತಿದ್ದ ಯುದ್ಧ ವಿಮಾನ ಬುಗುರಿಯಂತೆ ಸುತ್ತುತ್ತಾ ಕೆಳಗಿಳಿಯತೊಡಗಿತು. ಏನು ಮಾಡಿದರೂ ನಿಲ್ಲಲಿಲ್ಲ. ಗ್ರೊಮೊವ್ ಹೊರಬಿದ್ದು ಬದುಕಿದರು. ಆ ವಿಮಾನದ ವಿನ್ಯಾಸಕಾರ ನಿಕೊಲಾಯ್ ಪೋಲಿಕಾರ್ಪೋವ್. ಈ ಇಬ್ಬರ ಹೆಸರೂ ನಮ್ಮ ಕತೆಯಲ್ಲಿ ಮತ್ತೆ ಬರುತ್ತವೆ.

ಪೋಲಿಕಾರ್ಪೋವ್ ಹಳ್ಳಿಯ ಪಾದ್ರಿಯೊಬ್ಬರ ಮಗ. ಅವರಿಗೆ ಆಗ ವಹಿಸಿದ್ದ ಇನ್ನೊಂದು ಕೆಲಸ, ಕಲಿಯುವವರಿಗಾಗಿ ಒಂದು ಅಗ್ಗದ ವಿಮಾನ. ಮೊದಲ ಮಾದರಿಯಲ್ಲಿ ಮಿತವ್ಯಯವೇ ದೇವರಾಯಿತು. ಮೇಲಿನ ಕೆಳಗಿನ, ಎಡದ ಬಲದ ರೆಕ್ಕೆಗಳೆಲ್ಲ ಒಂದೇ ಅಚ್ಚಿನವು. ಒಂದು ಮುರಿದರೆ ಬೇರೆ ಯಾವುದನ್ನಾದರೂ ಜೋಡಿಸಬಹುದು. ಕಾಗದದ ಮೇಲೆ ಬಹಳ ಚೆಂದ. ಹಾರಿಸಿ ನೋಡಿದರೆ ಭಾರ, ಮಂದ. ಅದನ್ನು ಬದಿಗಿಟ್ಟು ಹೊಸದಾಗಿ ಬರೆದ ವಿಮಾನವನ್ನು 1928ರ ಜನವರಿ 7ರಂದು ಗ್ರೊಮೊವ್ ಅವರೇ ಹಾರಿಸಿದರು. ಅದೇ ಯು-2. ಮರದ ಚೌಕಟ್ಟು, ಮೇಲೆ ಬಟ್ಟೆ, ಎರಡು ಅಂತಸ್ತಿನ ರೆಕ್ಕೆ, 100 ಅಶ್ವಶಕ್ತಿಯ ಎಂ-11 ಎಂಜಿನ್. ಗರಿಷ್ಠ ವೇಗ ಗಂಟೆಗೆ 150 ಕಿಲೋಮೀಟರ್ ಆಸುಪಾಸು. ಇಂದು ನಮ್ಮ ಹೆದ್ದಾರಿಯಲ್ಲಿ ಕಾರುಗಳು ಓಡುವ ವೇಗಕ್ಕಿಂತ ಬಹಳ ಹೆಚ್ಚೇನಲ್ಲ.

ನನ್ನ ಲೆಕ್ಕದಲ್ಲಿ ಆ ಕಾಲದ ಅಪಘಾತಗಳಿಗೆ ಸಿಕ್ಕ ಅತ್ಯುತ್ತಮ ಉತ್ತರ ಯಾವ ತನಿಖಾ ವರದಿಯೂ ಅಲ್ಲ, ಈ ವಿಮಾನ. ಇದು ತಪ್ಪನ್ನು ಕ್ಷಮಿಸುತ್ತಿತ್ತು. ಹೊಸಬ ವಿದ್ಯಾರ್ಥಿ ಗಾಬರಿಯಿಂದ ಕೋಲನ್ನು ಅತ್ತಿತ್ತ ಎಳೆದರೂ ಸುಲಭವಾಗಿ ಬುಗುರಿ ಸುತ್ತಿಗೆ ಬೀಳುತ್ತಿರಲಿಲ್ಲ. ಬಿದ್ದರೂ ಕೈಬಿಟ್ಟರೆ ತಾನೇ ನೆಟ್ಟಗಾಗುತ್ತಿತ್ತು. ನೆಲಕ್ಕಿಳಿಯುವ ವೇಗ ಗಂಟೆಗೆ 65 ಕಿಲೋಮೀಟರ್ ಸುಮಾರು. ಎಂಜಿನ್ ಕೈಕೊಟ್ಟರೆ ಒಂದು ಹೊಲ ಸಿಕ್ಕರೂ ಸಾಕು, ಇಳಿಸಬಹುದು. ರೆಕ್ಕೆ ಹರಿದರೆ ಹಳ್ಳಿಯ ಬಡಗಿಯ ಉಪಕರಣ, ಅಂಟು, ಬಟ್ಟೆಯಿಂದ ತೇಪೆ ಹಾಕಬಹುದು. ಮನುಷ್ಯ ತಪ್ಪು ಮಾಡುತ್ತಾನೆ, ಯಂತ್ರ ಅದನ್ನು ತಡೆದುಕೊಳ್ಳಬೇಕು ಎಂಬ ತಿಳಿವಳಿಕೆ ಅದರ ಮರದಲ್ಲಿ, ಬಟ್ಟೆಯಲ್ಲಿ ಇತ್ತು. ಎತ್ತು ಹೊಸದಾದರೆ ಬಂಡಿ ಹಳೆಯದಿರಲಿ ಎನ್ನುವ ಒಕ್ಕಲಿನ ವಿವೇಕದಂತೆ ಇದು. 30 ಸಾವಿರಕ್ಕೂ ಹೆಚ್ಚು ಯು-2ಗಳು ತಯಾರಾದವು. ಪೈಲಟ್ ತರಬೇತಿಗೆ, ಟಪಾಲಿಗೆ, ರೋಗಿಗಳನ್ನು ಸಾಗಿಸಲು, ಬೆಳೆಗೆ ಔಷಧಿ ಉದುರಿಸಲು, ಕೊನೆಗೆ ಯುದ್ಧದಲ್ಲಿ ರಾತ್ರಿ ಬಾಂಬು ಹಾಕಲು ಕೂಡ ಅದನ್ನೇ ಬಳಸಿದರು. 1942ರಿಂದ ಹೆಣ್ಣುಮಕ್ಕಳೇ ನಡೆಸಿದ, ಜರ್ಮನರು ‘ರಾತ್ರಿಯ ಮಾಟಗಾತಿಯರು’ ಎಂದು ಕರೆದ ದಳದ ವಿಮಾನ ಇದೇ.

ವಿನ್ಯಾಸಕಾರರಿಗೆ ಸಿಕ್ಕ ಬಹುಮಾನ? 1929ರ ಅಕ್ಟೋಬರಿನಲ್ಲಿ ಪೋಲಿಕಾರ್ಪೋವ್ ಅವರನ್ನು ಬಂಧಿಸಿದರು. ಕ್ರಾಂತಿವಿರೋಧಿ ವಿಧ್ವಂಸಕ ಕೂಟದಲ್ಲಿ ಸೇರಿದ್ದಾರೆಂಬ ಆರೋಪ. ‘ವಿಧ್ವಂಸಕ’ ಎಂಬ ಪದ ಆ ವರ್ಷಗಳಲ್ಲಿ ಗಾಳಿಯಲ್ಲೇ ತೇಲುತ್ತಿತ್ತು. ಗಣಿಯಲ್ಲಿ ನೀರು ನುಗ್ಗಿದರೂ ರೈಲು ತಡವಾದರೂ ಯಾರೋ ಬೇಕೆಂದು ಮಾಡಿದ್ದಾರೆ ಎನ್ನುವುದು ವಾಡಿಕೆಯಾಗಿತ್ತು. ಜೈಲಿನೊಳಗೆ ಬೇರೆ ಬಂಧಿತ ಎಂಜಿನಿಯರರ ಜೊತೆ ಕೂರಿಸಿ ಅವರಿಂದ ಐ-5 ಎಂಬ ಯುದ್ಧ ವಿಮಾನ ಬರೆಸಿದರು. 1930ರ ಏಪ್ರಿಲಿನಲ್ಲಿ ಅದು ಹಾರಿತು. 1931ರಲ್ಲಿ ಬಿಡುಗಡೆಯಾಯಿತು. ಆ ಹೊತ್ತಿಗೆ ಹೊರಗಡೆ ನೂರಾರು ಹುಡುಗರು ಅವರ ಯು-2ರಲ್ಲೇ ಹಾರಲು ಕಲಿಯುತ್ತಿದ್ದರು.

ಇನ್ನೊಂದು ಪುಟ್ಟ ವಿಮಾನದ ಹುಟ್ಟು ಇದಕ್ಕಿಂತ ಸ್ವಾರಸ್ಯವಾಗಿದೆ. ಲೆನಿನ್‌ಗ್ರಾದ್‌ನಲ್ಲಿ ವದೀಮ್ ಶವ್ರೊವ್ ಎಂಬ ಯುವ ಎಂಜಿನಿಯರ್ 1928ರಲ್ಲಿ ಇಬ್ಬರು ಸ್ನೇಹಿತರ ಜೊತೆ ಸೇರಿ ತಾನು ವಾಸವಿದ್ದ ಮನೆಯಲ್ಲೇ ವಿಮಾನ ಕಟ್ಟತೊಡಗಿದರು. ನೀರಿನ ಮೇಲೂ ನೆಲದ ಮೇಲೂ ಇಳಿಯಬಲ್ಲ, ಮೂರು ಜನ ಕೂರುವ ವಿಮಾನ. ವಾಯು ಸಂಘದವರು ಅಲ್ಪಸ್ವಲ್ಪ ಹಣ ಕೊಟ್ಟಿದ್ದರು. ಮನೆಯವರು ಎಷ್ಟು ತಾಳ್ಮೆಯವರಾಗಿದ್ದಿರಬೇಕು ಎಂದು ಯೋಚಿಸಿ! 1929ರಲ್ಲಿ ಅದು ಹಾರಿತು. ಶ-1 ಎಂದು ಹೆಸರಾಯಿತು. ಮರುವರ್ಷದ ಚಳಿಗಾಲದಲ್ಲಿ ಕೆಟ್ಟ ಹವೆಗೆ ಸಿಕ್ಕಿ ಆ ವಿಮಾನ ನುಚ್ಚುನೂರಾಯಿತು. ಹಾರಿಸುತ್ತಿದ್ದವರು ವಲೇರಿ ಚ್ಕಾಲೊವ್. ಅವರಿಗೆ ಪ್ರಾಣಾಪಾಯವಾಗಲಿಲ್ಲ.

ಚ್ಕಾಲೊವ್ ಹೆಸರು ಸೋವಿಯತ್ ಪುಸ್ತಕ ಓದಿದವರಿಗೆ ಹೊಸದಲ್ಲ. 1937ರ ಜೂನಿನಲ್ಲಿ ಮಾಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿ ಅಮೆರಿಕ ತಲುಪಿದ ವೀರ. ಅದಕ್ಕೆ ಒಂಬತ್ತು ವರ್ಷ ಮೊದಲು ಅದೇ ವೀರ ಜೈಲು ಶಿಕ್ಷೆಗೆ ಒಳಗಾಗಿದ್ದರು ಎಂಬುದನ್ನು ಆ ಪುಸ್ತಕಗಳು ಹೇಳಿದ್ದು ಕಡಿಮೆ. 1928ರ ಆಗಸ್ಟಿನಲ್ಲಿ ಬ್ರಿಯಾನ್ಸ್ಕ್ ಕಡೆಗೆ ಹಾರುವಾಗ ನೆಲಕ್ಕೆ ತೀರಾ ಹತ್ತಿರ ಇಳಿದು ಟೆಲಿಗ್ರಾಫ್ ತಂತಿಗೆ ಸಿಕ್ಕಿ ವಿಮಾನ ಒಡೆದರು. ಸೇನಾ ನ್ಯಾಯಾಲಯ ಒಂದು ವರ್ಷದ ಶಿಕ್ಷೆ ಕೊಟ್ಟಿತು. 1929ರ ಆರಂಭದಲ್ಲಿ ಕೆಲವು ವಾರ ಒಳಗಿದ್ದು, ಹಿತೈಷಿಗಳ ಪ್ರಯತ್ನದಿಂದ ಹೊರಬಂದರು. ಇಂಥ ವರ್ತನೆಗೆ ಆಗ ‘ಆಕಾಶದ ಪುಂಡಾಟ’ ಎಂಬ ಹೆಸರೇ ಇತ್ತು. ಈ ಸಂದರ್ಭದಲ್ಲಿ ಶಿಕ್ಷೆ ಅನ್ಯಾಯವೆಂದು ನಾನು ಹೇಳಲಾರೆ. ಆದರೆ ತಂತಿಗೆ ಸಿಕ್ಕಿದ ಚ್ಕಾಲೊವ್‌ಗೂ ಚಳಿಗಾಲದ ಮಂಜಿನಲ್ಲಿ ದಾರಿ ಕಾಣದ ಚ್ಕಾಲೊವ್‌ಗೂ ವ್ಯತ್ಯಾಸವಿದೆ. ಮೊದಲನೆಯದು ಹುಡುಗಾಟ. ಎರಡನೆಯದು ಉಪಕರಣವಿಲ್ಲದ ಯಾರಿಗಾದರೂ ಆಗಬಹುದಾದದ್ದು. ಎರಡಕ್ಕೂ ಒಂದೇ ಮದ್ದು ಹಾಕಿದರೆ ರೋಗ ಹೋಗುವುದಿಲ್ಲ.

ಬೆಳೆಗಳಿಗೆ ಔಷಧಿ ಉದುರಿಸುವ ಕೆಲಸದಲ್ಲಿ ನೆಲಕ್ಕೆ ಹತ್ತಿರ ಹಾರುವುದು ಪುಂಡಾಟವಲ್ಲ, ಉದ್ಯೋಗ. ಇಪ್ಪತ್ತರ ದಶಕದಲ್ಲೇ ಉತ್ತರ ಕಾಕಸಸ್‌ನ ಜೊಂಡು ಪ್ರದೇಶಗಳಲ್ಲಿ ಮಿಡತೆ ಹಿಂಡುಗಳ ಮೇಲೆ ವಿಮಾನದಿಂದ ವಿಷದ ಪುಡಿ ಹಾಕಲಾರಂಭಿಸಿದರು. ಒದೆಸ್ಸಾದಲ್ಲಿ ತಯಾರಾದ ‘ಕೊನ್ಯೋಕ್-ಗೊರ್ಬುನೊಕ್’, ಅಂದರೆ ಗೂನುಬೆನ್ನಿನ ಪುಟ್ಟ ಕುದುರೆ, ಎಂಬ ವಿಮಾನ ಈ ಕೆಲಸಕ್ಕೆ ಬಂತು. ಹೆಸರು ಒಂದು ಪ್ರಸಿದ್ಧ ಮಕ್ಕಳ ಕತೆಯದು. 1930ರಿಂದ ಯು-2ಗೇ ಪುಡಿಯ ತೊಟ್ಟಿ ಕಟ್ಟಿದರು. ಗಾಳಿ ಕಡಿಮೆ ಇರುವ ಬೆಳಗಿನ ಜಾವ, ತೆನೆಯ ಮೇಲೆ ಕೆಲವೇ ಮೀಟರ್ ಎತ್ತರದಲ್ಲಿ, ತುಂಬಿದ ತೊಟ್ಟಿಯ ಭಾರದಲ್ಲಿ ಸಾಲು ಮುಗಿದೊಡನೆ ತಿರುಗಬೇಕು. ಎಂಜಿನ್ ಒಂದು ಕ್ಷಣ ಕೆಮ್ಮಿದರೂ ಸರಿಪಡಿಸಿಕೊಳ್ಳಲು ಎತ್ತರವೇ ಇರುವುದಿಲ್ಲ. ಇಂಥ ಕೆಲಸಕ್ಕೆಂದೇ ನಮ್ಮ ಬೆಂಗಳೂರಿನ ಎಚ್‌ಎಎಲ್ ಕೂಡ 1970ರ ದಶಕದಲ್ಲಿ ‘ಬಸಂತ್’ ಎಂಬ ಕೃಷಿ ವಿಮಾನ ತಯಾರಿಸಿತ್ತು. ಅದರ ಕತೆಯನ್ನು ಬಲ್ಲ ಹಳೆಯ ವಿದ್ಯಾರ್ಥಿಗಳು ಯಾರಾದರೂ ಇದ್ದರೆ ಬರೆಯಬೇಕು.

ಎಲ್ಲ ಅಪಘಾತಗಳೂ ಸಂಶಯವನ್ನೇ ಹುಟ್ಟಿಸಲಿಲ್ಲ. 1929ರ ನವೆಂಬರ್ 9ರಂದು ಸೈಬೀರಿಯಾದ ಈಶಾನ್ಯ ತುದಿಯಲ್ಲಿ ಅಮೆರಿಕದ ಕಾರ್ಲ್ ಬೆನ್ ಐಲ್ಸನ್ ಮತ್ತು ಮೆಕ್ಯಾನಿಕ್ ಅರ್ಲ್ ಬೋರ್ಲೆಂಡ್ ಹಾರಿಸುತ್ತಿದ್ದ ಹ್ಯಾಮಿಲ್ಟನ್ ವಿಮಾನ ಬಿರುಗಾಳಿಯಲ್ಲಿ ಕಾಣೆಯಾಯಿತು. ‘ನನೂಕ್’ ಎಂಬ ಹಡಗು ಹಿಮದಲ್ಲಿ ಸಿಕ್ಕಿಕೊಂಡಿತ್ತು; ಅದರಲ್ಲಿದ್ದ ತುಪ್ಪಳದ ಸರಕನ್ನೂ ಜನರನ್ನೂ ಅಲಾಸ್ಕಕ್ಕೆ ಸಾಗಿಸಲು ಅವರು ಬಂದಿದ್ದರು. ಆಗ ಅಮೆರಿಕ ಸೋವಿಯತ್ ಸರ್ಕಾರವನ್ನು ಮಾನ್ಯ ಮಾಡಿರಲಿಲ್ಲ. ಎರಡು ದೇಶಗಳ ನಡುವೆ ರಾಯಭಾರಿಗಳೇ ಇರಲಿಲ್ಲ. ಆದರೂ ಸೂರ್ಯನೇ ಸರಿಯಾಗಿ ಮೂಡದ ಆ ಚಳಿಗಾಲದಲ್ಲಿ ಅಮೆರಿಕದ ಪೈಲಟ್‌ಗಳೂ ಸೋವಿಯತ್ ಪೈಲಟ್‌ಗಳೂ ಜೊತೆಯಾಗಿ ಹುಡುಕಿದರು. ಜನವರಿ ಕೊನೆಯಲ್ಲಿ ಜೋ ಕ್ರಾಸನ್ ಎಂಬ ಅಲಾಸ್ಕದ ಪೈಲಟ್ ಹಿಮದಿಂದ ಹೊರಚಾಚಿದ್ದ ರೆಕ್ಕೆಯನ್ನು ಕಂಡರು. ಹತ್ತಿರದಲ್ಲೇ ಹಿಮದಲ್ಲಿ ನಿಂತಿದ್ದ ಸೋವಿಯತ್ ಹಡಗು ‘ಸ್ತಾವ್ರೊಪೊಲ್’ನವರು ಬಂದು ಗಟ್ಟಿ ಹಿಮವನ್ನು ದಿನಗಟ್ಟಲೆ ಅಗೆದರು. ಫೆಬ್ರವರಿಯಲ್ಲಿ ದೇಹಗಳು ಸಿಕ್ಕವು. ಅವುಗಳ ಜೊತೆಯಲ್ಲಿ ಸೋವಿಯತ್ ಪೈಲಟ್ ಮಾವ್ರಿಕಿ ಸ್ಲೆಪ್ನ್ಯೋವ್ ತಮ್ಮ ಯುಂಕರ್ಸ್ ವಿಮಾನದಲ್ಲಿ ಅಲಾಸ್ಕಕ್ಕೆ ಹೋದರು. ನಾನು ಓದಿದ ಅಪಘಾತಗಳ ಕತೆಗಳಲ್ಲಿ ‘ಯಾರ ತಪ್ಪು’ ಎಂದು ಯಾರೂ ಮೊದಲು ಕೇಳದ ಕತೆ ಇದು. ಎದುರಿಗಿದ್ದದ್ದು ಚಳಿ ಮತ್ತು ಎರಡು ಸಾವು; ಅಷ್ಟನ್ನು ಎರಡೂ ಕಡೆಯವರು ಅರ್ಥ ಮಾಡಿಕೊಂಡಿದ್ದರು.

1933ರ ಸೆಪ್ಟೆಂಬರ್ 5ರ ಘಟನೆಗೆ ಬರೋಣ. ಮಾಸ್ಕೋದಿಂದ ದಕ್ಷಿಣಕ್ಕೆ ಕ್ರಿಮಿಯಾ ಕಡೆ ಹೊರಟ ಎಎನ್‌ಟಿ-7 ಎಂಬ ಎರಡು ಎಂಜಿನ್ನಿನ ವಿಮಾನ ಪೊದೊಲ್ಸ್ಕ್ ಬಳಿ ಬಿದ್ದು ಎಂಟು ಜನ ಸತ್ತರು. ಹವಾಮಾನ ಕೆಟ್ಟಿತ್ತು, ಏನೂ ಕಾಣುತ್ತಿರಲಿಲ್ಲ. ವಿಮಾನ ನೆಲಕ್ಕೆ ಹತ್ತಿರ ಹಾರುತ್ತಾ ಅಡ್ಡ ಬಂದದ್ದಕ್ಕೆ ತಗುಲಿತು. ಒಳಗಿದ್ದವರ ಪಟ್ಟಿ ನೋಡಿ. ಪ್ಯೋತರ್ ಬರಾನೊವ್, ಹಿಂದೆ ವಾಯುಪಡೆಯ ಮುಖ್ಯಸ್ಥ, ಆಗ ಇಡೀ ವಿಮಾನ ಉದ್ಯಮದ ಮುಖ್ಯಸ್ಥ. ಅವರ ಪತ್ನಿ. ಅಬ್ರಾಮ್ ಗೋಲ್ತ್ಸ್‌ಮಾನ್, ದೇಶದ ನಾಗರಿಕ ವಿಮಾನ ಇಲಾಖೆಯ ಮುಖ್ಯಸ್ಥ. ಅವರ ಉಪಮುಖ್ಯಸ್ಥ. ಸೆರ್ಗೇಯ್ ಗೊರ್ಬುನೊವ್, ಮಾಸ್ಕೋ ಬಳಿಯ ಫಿಲಿಯ 22ನೇ ನಂಬರ್ ವಿಮಾನ ಕಾರ್ಖಾನೆಯ ನಿರ್ದೇಶಕ. ಹತ್ತು ವರ್ಷ ಹಿಂದೆ ಯುಂಕರ್ಸ್ ಕಂಪನಿಗೆ ಗುತ್ತಿಗೆ ಕೊಟ್ಟಿದ್ದ ಕಾರ್ಖಾನೆಯೇ ಅದು. ಅಂದರೆ ವಿಮಾನ ತಯಾರಿಸುವವರು, ಓಡಿಸುವವರು, ನಿಯಮ ಬರೆಯುವವರು ಎಲ್ಲರೂ ಒಂದೇ ವಿಮಾನದಲ್ಲಿ.

ಈಗ ಪೈಲಟ್ ಸ್ಥಾನದಲ್ಲಿ ನಮ್ಮನ್ನು ಇಟ್ಟು ನೋಡಿಕೊಳ್ಳೋಣ. ನೀವು ನಮ್ಮೂರ ಬಸ್ಸಿನ ಡ್ರೈವರ್. ಮಳೆಗಾಲದ ಬೆಳಗ್ಗೆ, ಸೇತುವೆಯ ಮೇಲೆ ನೀರು ಹರಿಯುತ್ತಿದೆ. ಹಿಂದಿನ ಸೀಟಿನಲ್ಲಿ ನಿಮ್ಮ ಡಿಪೋ ಮ್ಯಾನೇಜರ್, ಅವರ ಪಕ್ಕ ಸಾರಿಗೆ ನಿಗಮದ ಅಧ್ಯಕ್ಷರು, ಅವರ ಪಕ್ಕ ಬಸ್ಸು ತಯಾರಿಸುವ ಕಾರ್ಖಾನೆಯ ಯಜಮಾನರು ಕುಟುಂಬ ಸಮೇತ ಊರಿಗೆ ಹೊರಟು ಕೂತಿದ್ದಾರೆ. ‘ಸಾರ್, ಇವತ್ತು ಬಸ್ಸು ಬಿಡಲ್ಲ’ ಎಂದು ಹೇಳುವ ಎದೆಗಾರಿಕೆ ಎಷ್ಟು ಜನರಿಗಿದೆ? ಕೆಟ್ಟ ಹವೆಯಲ್ಲಿ ಹಾರಬಾರದು ಎಂಬುದು ಆ ವಿಮಾನದಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಬೇಡ ಎನ್ನಬೇಕಾದವನ ಅನ್ನ ಮಾತ್ರ ಹಿಂದಿನ ಸೀಟಿನವರ ಕೈಯಲ್ಲಿತ್ತು. ತಿಫ್ಲಿಸ್‌ನ ಬೆಂಕಿಗಿಂತ, ಚ್ಕಾಲೊವ್ ಹುಡುಗಾಟಕ್ಕಿಂತ ಈ ಒಂದು ಸಂಗತಿ ಹೆಚ್ಚು ಯೋಚಿಸಬೇಕಾದದ್ದು.

ಬರಾನೊವ್, ಗೋಲ್ತ್ಸ್‌ಮಾನ್ ಅವರ ಚಿತಾಭಸ್ಮವನ್ನು ಕ್ರೆಮ್ಲಿನ್ ಗೋಡೆಯಲ್ಲಿ ಇಟ್ಟರು. ಎಂಜಿನ್ ಸಂಶೋಧನಾ ಕೇಂದ್ರಕ್ಕೆ ಬರಾನೊವ್ ಹೆಸರನ್ನಿಟ್ಟರು. ಹಿರಿಯ ಅಧಿಕಾರಿಗಳು ಪಕ್ಷದ ಕೇಂದ್ರ ಸಮಿತಿಯ ಅಪ್ಪಣೆಯಿಲ್ಲದೆ ವಿಮಾನ ಹತ್ತಬಾರದೆಂದು ಕಟ್ಟಪ್ಪಣೆಯಾಯಿತು. ಉಪಕರಣ ನೋಡಿಕೊಂಡೇ ಹಾರುವ ಅಭ್ಯಾಸಕ್ಕೆ, ಅದನ್ನು ರಷ್ಯನ್ನರು ‘ಕುರುಡು ಹಾರಾಟ’ ಎನ್ನುತ್ತಿದ್ದರು, ಒತ್ತು ಹೆಚ್ಚಿತು. ಎರಡನೆಯ ಕ್ರಮ ಸರಿಯಾದದ್ದು. ಮೊದಲನೆಯದು ದೊಡ್ಡವರ ಜೀವ ಉಳಿಸಿತೇ ಹೊರತು, ಮಂಜಿನ ದಿನ ಟಪಾಲು ಹೊತ್ತು ಹೋಗುವ ಪೈಲಟ್‌ಗೆ ‘ಇಲ್ಲ’ ಎನ್ನುವ ಹಕ್ಕು ಕೊಡಲಿಲ್ಲ.

ಮರುವರ್ಷವೇ ನಾವು ಪುಸ್ತಕಗಳಲ್ಲಿ ಓದಿದ ಆ ಸಾಹಸ ನಡೆಯಿತು. 1934ರ ಫೆಬ್ರವರಿ 13ರಂದು ‘ಚೆಲ್ಯೂಸ್ಕಿನ್’ ಹಡಗು ಆರ್ಕ್‌ಟಿಕ್ ಹಿಮದಲ್ಲಿ ನಜ್ಜುಗುಜ್ಜಾಗಿ ಮುಳುಗಿ, 104 ಜನ ಹಿಮದ ಬಯಲಿನ ಮೇಲೆ ಉಳಿದರು. ಏಪ್ರಿಲ್ 13ರ ಹೊತ್ತಿಗೆ ಪುಟ್ಟ ವಿಮಾನಗಳು ಎಲ್ಲರನ್ನೂ ಎತ್ತಿ ತಂದವು. ವಸೀಲಿ ಮೊಲೊಕೊವ್ ಎರಡೇ ಆಸನದ ಆರ್-5 ವಿಮಾನದ ರೆಕ್ಕೆಯಡಿ ಇದ್ದ ಪ್ಯಾರಾಚೂಟ್ ಪೆಟ್ಟಿಗೆಗಳಲ್ಲೂ ಜನರನ್ನು ಮಲಗಿಸಿ ತಂದರು. ಹಡಗಿನಲ್ಲೇ ಇದ್ದ ಶವ್ರೊವ್ ಅವರ ಶ-2 ವಿಮಾನ, ಅಂದರೆ ಮನೆಯಲ್ಲಿ ಹುಟ್ಟಿದ ಶ-1ರ ತಮ್ಮ, ಹಲವು ಸಲ ಪೆಟ್ಟು ತಿಂದು ತೇಪೆ ಹಾಕಿಸಿಕೊಂಡಿತ್ತು. ಏಪ್ರಿಲ್ 2ರಂದು ಪೈಲಟ್ ಬಾಬುಷ್ಕಿನ್ ಅದನ್ನೇ ಹಾರಿಸಿಕೊಂಡು ದಡ ಸೇರಿದರು. ಏಳು ಪೈಲಟ್‌ಗಳಿಗೆ ‘ಸೋವಿಯತ್ ಒಕ್ಕೂಟದ ವೀರ’ ಎಂಬ ಹೊಸ ಬಿರುದು ಮೊದಲ ಬಾರಿಗೆ ಸಿಕ್ಕಿತು. ಅವರಲ್ಲಿ ಒಬ್ಬರು ಅದೇ ಸ್ಲೆಪ್ನ್ಯೋವ್. ಇನ್ನೊಬ್ಬರಾದ ಲೆವನೆವ್‌ಸ್ಕಿಯವರ ವಿಮಾನ ಮಂಜುಗಡ್ಡೆ ಕಟ್ಟಿ ದಾರಿಯಲ್ಲೇ ಬಿದ್ದಿತ್ತು. ಅವರು ಬದುಕಿದ್ದು ಅದೃಷ್ಟ. ಮಾಸ್ಕೋದಲ್ಲಿ ಹೂಮಳೆ ಸುರಿಯಿತು. ಆ ಸಂಭ್ರಮ ಸುಳ್ಳಲ್ಲ, ಅವರು ಅದಕ್ಕೆ ಅರ್ಹರೇ. ಆದರೆ ವೀರರ ಮೇಲೆ ಬೆಳಕು ಹೆಚ್ಚಾದಷ್ಟೂ ಬಿದ್ದವರ ಕಡೆ ಕತ್ತಲೆ ಹೆಚ್ಚಾಯಿತು.

1935ರ ಮೇ 18ರಂದು ಮಾಸ್ಕೋದಲ್ಲಿ ಬೃಹತ್ ವಿಮಾನ ‘ಮಕ್ಸೀಮ್ ಗೋರ್ಕಿ’ಯ ಪಕ್ಕದಲ್ಲಿ ಕಸರತ್ತು ಮಾಡುತ್ತಿದ್ದ ಪುಟ್ಟ ಯುದ್ಧ ವಿಮಾನವೊಂದು ಅದಕ್ಕೇ ಬಡಿದು ಸುಮಾರು 50 ಜನ ಸತ್ತರು. ಪುಟ್ಟ ವಿಮಾನ ಐ-5. ಪೋಲಿಕಾರ್ಪೋವ್ ಜೈಲಿನಲ್ಲಿ ಕೂತು ಬರೆದದ್ದು. ದೋಷವನ್ನೆಲ್ಲ ಸತ್ತ ಪೈಲಟ್ ಬ್ಲಾಗಿನ್ ತಲೆಗೆ ಕಟ್ಟಿದರು. ಅಷ್ಟು ಹತ್ತಿರ ಹಾರುವ ಏರ್ಪಾಡಿಗೆ ಒಪ್ಪಿಗೆ ಕೊಟ್ಟವರಾರು ಎಂಬ ಪ್ರಶ್ನೆ ಪತ್ರಿಕೆಗಳಲ್ಲಿ ಬರಲಿಲ್ಲ.

1938ರ ಡಿಸೆಂಬರ್ 15ರಂದು ಚ್ಕಾಲೊವ್ ಸತ್ತರು. ಪೋಲಿಕಾರ್ಪೋವ್ ಅವರ ಹೊಸ ಯುದ್ಧ ವಿಮಾನ ಐ-180ರ ಮೊದಲ ಹಾರಾಟ ಅದು. ಕೊರೆಯುವ ಚಳಿ, ಎಂಜಿನ್ನಿಗೆ ತಣ್ಣನೆ ಗಾಳಿ ನೇರ ಬಡಿಯದಂತೆ ತಡೆಯುವ ಮುಚ್ಚಳಗಳನ್ನು ಇನ್ನೂ ಹಾಕಿರಲಿಲ್ಲ. ಎಂಜಿನ್ ನಿಂತಿತು, ಇಳಿದಾಣ ಸಿಗುವ ಮೊದಲೇ ವಿಮಾನ ನೆಲಕ್ಕೆ ಬಿತ್ತು. ಕೆಲಸ ಮುಗಿಯದ ವಿಮಾನವನ್ನು ವರ್ಷಾಂತ್ಯದೊಳಗೆ ಹಾರಿಸಲೇಬೇಕೆಂಬ ಅವಸರ ಎಲ್ಲರಿಗೂ ಇತ್ತು. ಕಾರ್ಖಾನೆಯ ನಿರ್ದೇಶಕ ಉಸಾಚೊವ್, ಪೋಲಿಕಾರ್ಪೋವ್ ಅವರ ಸಹಾಯಕ ತೊಮಾಶೆವಿಚ್ ಮೊದಲಾದವರನ್ನು ಬಂಧಿಸಿದರು. ತೊಮಾಶೆವಿಚ್ ಕೂಡ ಬಂಧನದಲ್ಲೇ ವಿಮಾನದ ನಕ್ಷೆ ಬರೆಯಬೇಕಾಯಿತು. ಗೋಲ್ತ್ಸ್‌ಮಾನ್ ನಂತರ ನಾಗರಿಕ ವಿಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಉನ್ಶ್ಲಿಖ್ತ್, ಅವರ ನಂತರ ಬಂದ ತ್ಕಚೊವ್, ಇಬ್ಬರನ್ನೂ ಅದೇ ವರ್ಷ ಗುಂಡಿಕ್ಕಿ ಕೊಂದಿದ್ದರು.

ಈ ಬಾರಿ ಪೋಲಿಕಾರ್ಪೋವ್ ಅವರನ್ನು ಮುಟ್ಟಲಿಲ್ಲ. ಅವರು 1944ರ ಜುಲೈ 30ರಂದು ಕಾಯಿಲೆಯಿಂದ ತೀರಿಕೊಂಡರು. ಆ ವರ್ಷ ಯು-2 ವಿಮಾನಕ್ಕೆ ಅವರ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ ‘ಪೋ-2’ ಎಂದು ಹೆಸರಿಟ್ಟರು. 1929ರಲ್ಲಿ ಅವರ ಮೇಲೆ ಹೊರಿಸಿದ್ದ ವಿಧ್ವಂಸಕ ಆರೋಪವನ್ನು ಸೋವಿಯತ್ ಒಕ್ಕೂಟದ ಸರ್ವೋಚ್ಚ ನ್ಯಾಯಾಲಯ ರದ್ದು ಮಾಡಿದ್ದು 1956ರಲ್ಲಿ.